ಹೊತ್ತು ಮುಳುಗುವುದರೊಳಗೆ

ಶಿರಗುಪ್ಪಿ
ತಾ. 24-3-1991, ರವಿವಾರ

ಸುಗಂಧಾಳಿಗೆ,

ಚಿರಂಜೀವಿ ಸೌಭಾಗ್ಯವತಿ ಎಂದು ಬರೆದು, ಅದರ ಮುಂದೆ ಅನೇಕ ಆಶೀರ್ವಾದಗಳು ಎಂದು ಬರೆಯಬೇಕು. ಹೆಂಡತಿಗೆ ಕಾಗದ ಬರೆಯುವ ಪದ್ಧತಿ ಅದೇ. ಬರೆದೆ, ಹೊಡೆದು ಹಾಕಿದೆ. ಆಶೀರ್ವಾದ ಮಾಡುವ ಮುಖ ಈಗ ನನಗಿಲ್ಲ. ಲಗ್ನವಾಗಿ ಇಷ್ಟು ವರ್ಷವಾದರೂ ನಿನಗೆ ನಾನು ಒಂದೂ ಕಾಗದ ಬರೆದವನಲ್ಲ. ಬರೆಯುವ ಪ್ರಸಂಗವೇ ಬರಲಿಲ್ಲ. ನೀನು ಎಲ್ಲಿಗೆ ಹೋಗುತ್ತಿದ್ದೆ? ಕೂಗಿದರೆ ಕೇಳುವಷ್ಟು ದೂರದಲ್ಲೇ ಇರುತ್ತಿದ್ದೆ. ನಾನು ಕೂಗುತ್ತಿದ್ದೆ, ನೀನು ಬರುತ್ತಿದ್ದೆ.

ಈ ಕಾಗದವನ್ನು ಐನಾಪುರದಲ್ಲಿ ನಿನ್ನ ಅಣ್ಣ ಬಾಪುಸಾಹೇಬರ ಕೈಯಲ್ಲಿ ಕೊಟ್ಟು ಬರುತ್ತೇನೆ. ಅವರು ನಿನಗೆ ಮುಟ್ಟಿಸಲಿ. ನೀನು ತವರಿನಲ್ಲಿ ಇಲ್ಲ ಎಂಬುದು ನನಗೆ ಗೊತ್ತಾಗಿದೆ. ಎಲ್ಲಿದ್ದೀ ಎಂಬುದೂ ಗೊತ್ತಾಗಿದೆ. ಅಂಜಬೇಡ, ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಲ್ಲುವುದಿಲ್ಲ. ಹೇಗೆ ಗೊತ್ತಾಯಿತು ಎಂಬುದನ್ನು ಮುಂದೆ ಬರೆಯುತ್ತೇನೆ. ಅದಕ್ಕಿಂತ ಮೊದಲು ಬರೆಯಬೇಕಾದದ್ದು ಬೇರೆ ಇದೆ. ಅದನ್ನು ಬಿಟ್ಟು ಮುಂದೆ ಹೋದರೆ ಮತ್ತೆ ತಪ್ಪಿಸಿಕೊಂಡಂತೆ ಆಗುತ್ತದೆ, ತಪ್ಪಿಸಿಕೊಳ್ಳುವುದರಲ್ಲಿ ನನ್ನ ಹುಶಾರಿ ನಿನಗೆ ಗೊತ್ತೇ ಇದೆ.

ಅವ್ವ ಆರಾಮ ಇದ್ದಾಳೆ. ಅಂದರೆ ಇದ್ದಂತೆಯೇ ಇದ್ದಾಳೆ. ಬಲಗೈ ಬಲಗಾಲು ನೀನು ಹೋಗುವಾಗ ಹೇಗಿದ್ದವೋ ಹಾಗೆಯೇ. ನಡುವೆ ಬೆನ್ನಿಗೆ ಒಂದು ಹುಣ್ಣಾಗಿತ್ತು. ಮಗ್ಗಲು ಬದಲಿಸುವುದನ್ನು ಮರೆತಿದ್ದೆ. ಡಾಕ್ಟರು ಬಂದು ನೋಡಿ, ಲಕ್ವಾ ಹೊಡೆದು ಆರು ವರ್ಷ ಹಾಸಿಗೆ ಹಿಡಿದವರಿಗೆ ಇದು ಮೊದಲನೆಯ ಹುಣ್ಣೇ ಎಂದು ಕೇಳಿದರು. ಹೌದು ಎಂದೆ. ಅವರು ನನ್ನ ಮುಖ ನೋಡಿ, ಇಷ್ಟು ದಿನ ಯಾರು ನೋಡಿಕೊಳ್ಳುತ್ತಿದ್ದರು ಎಂದು ಕೇಳಿದರು. ನನ್ನ ಹೆಂಡತಿ ಎಂದೆ. ಆಕೆ ಈಗ ಎಲ್ಲಿ ಎಂದು ಅವರು ಕೇಳುವ ಮುಂಚೆಯೇ ಚಹಾ ತರುತ್ತೇನೆ ಎಂದು ಒಳಗೆ ಹೋದೆ. ಹುಣ್ಣು ಈಗ ಮಾಯ್ದಿದೆ.

ಇನ್ನು ಬಸದಿಯಲ್ಲಿ ಆ ದಿನ ನಡೆದ ಮಾತು. ಅಲ್ಲಿ ನಡೆದದ್ದು ನಿನಗೆ ಗೊತ್ತು. ಅದು ಅಲ್ಲಿಯವರೆಗೆ ಹೇಗೆ ಹೋಯಿತು ಎಂಬುದನ್ನು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅವ್ವ ಹಾಸಿಗೆ ಹಿಡಿದ ಮೇಲೆ ಸಂಜೆ ನಿನ್ನ ಪಾಲಿನ ರೊಟ್ಟಿ ಬುಟ್ಟಿಯಲ್ಲೇ ಉಳಿಯುವುದನ್ನು ನಾನು ನೋಡಿದ್ದೆ. ಒಂದು ದಿನ ಯಾಕ ಉಣ್ಣಲಿಲ್ಲ ಎಂದು ಕೇಳಿದೆ. "ಹೊತ್ತ ಮುಳಗೇತ್ರಿ" ಎಂದೆ ನೀನು. ಅಷ್ಟೇ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಅದೇನು ಹೊಸ ಮಾತಲ್ಲ. ನಿನ್ನ ನಿಷ್ಠೆ ಎಷ್ಟು ದೊಡ್ಡದು ಎಂದುಕೊಂಡೆ. ಯಾಕೆ ಮುಳುಗಿತು, ಮುಳುಗುವವರೆಗೆ ನೀನು ಏನು ಮಾಡುತ್ತಿದ್ದೆ ಎಂದು ಕೇಳಬೇಕೆಂದು ತಲೆಗೇ ಹೊಳೆಯಲಿಲ್ಲ. ನನ್ನ ಊಟ ಆಗಿರುತ್ತಿತ್ತಲ್ಲ. ಹೊಟ್ಟೆ ತುಂಬಿದವನಿಗೆ ಎದುರಿನವರ ಉಪವಾಸ ಧರ್ಮದ ಹಾಗೆಯೇ ಕಂಡಿತು.

ಮುಂದೆ ಒಂದು ದಿನ ಬಸದಿಯಲ್ಲಿ ಯಾರೋ ಹೆಣ್ಣುಮಗಳು, "ನಿಮ್ಮ ಮನಿಯವ್ರು ಏಕಾಶನ ಹಿಡದಾರೇನ್ರಿ?" ಎಂದು ಕೇಳಿದಳು. ದಿನಕ್ಕೆ ಒಂದೇ ಹೊತ್ತು ಉಣ್ಣುವ ವ್ರತವನ್ನು ವರ್ಷಗಟ್ಟಲೆ ನಡೆಸುವುದು ಸಣ್ಣ ಮಾತಲ್ಲ. ನಾನು "ಹೌದ್ರಿ" ಎಂದುಬಿಟ್ಟೆ. ಅಂದ ಮೇಲೆ ಅದೇ ಖರೆ ಆಯಿತು. ಮಂದಿ ನನ್ನನ್ನು ನೋಡಿ ಕೈ ಮುಗಿಯತೊಡಗಿದರು. ಪಂಚರ ಸಾಲಿನಲ್ಲಿ ಮುಂದೆ ಕೂಡಿಸಿದರು. ನೀನು ಹಸಿದು ಮಲಗಿದ್ದಕ್ಕೆ ನನಗೆ ಮರ್ಯಾದೆ ಸಿಕ್ಕಿತು. ಅದು ನನಗೆ ಸೇರಿತು, ಸುಳ್ಳು ಯಾಕೆ ಹೇಳಲಿ. ಹೋದ ಚಾತುರ್ಮಾಸಕ್ಕೆ ಮುನಿ ಮಹಾರಾಜರು ನಮ್ಮೂರಲ್ಲೇ ನಿಂತಾಗ ಈ ವ್ರತದ ಉದ್ಯಾಪನೆ ಮಾಡಿ ಮುಗಿಸಬೇಕು, ಊರಿಗೆ ಊಟ ಹಾಕಬೇಕು ಎಂದು ನಾನೇ ಮಾತು ಎತ್ತಿದೆ. ಸಾಂಗ್ಲಿಯಿಂದ ದೊಡ್ಡ ಹಿತ್ತಾಳೆ ಕೊಳಗ ತಂದು, ಸೌ. ಸುಗಂಧಾ ಇವಳ ಏಕಾಶನ ವ್ರತದ ನೆನಪಿಗೆ ಎಂದು ಹೆಸರು ಕೊರೆಯಿಸಿದೆ. ಬಸದಿಗೆ ಕೊಡುವುದಕ್ಕೆ. ನಿನಗೆ ಮಾತ್ರ ಪೂಜೆ ಇದೆ, ಹೊಸ ಸೀರೆ ಉಟ್ಟು ಬಾ ಎಂದಷ್ಟೇ ಹೇಳಿದ್ದೆ. ಅಲ್ಲಿಗೆ ಬಂದ ಮೇಲೆ, ಇಷ್ಟು ಮಂದಿಯ ಎದುರಿಗೆ ಹೇಗೂ ಹೂಂ ಅನ್ನುತ್ತೀ ಎಂದು ನನ್ನ ಲೆಕ್ಕ.

ಮಹಾರಾಜರು ಕೇಳಿದ್ದು ಒಂದೇ ಮಾತು. ಯಾವ ಗುರುಗಳ ಮುಂದ ವ್ರತ ತಗೊಂಡಿದ್ದೆವ್ವಾ ಎಂದು. ನೀನು ಒಮ್ಮೆ ನನ್ನ ಕಡೆ ನೋಡಿದೆ. ನಾನು ಕಣ್ಣಿನಲ್ಲೇ ಏನಾದರೂ ಒಂದು ಹೆಸರು ಹೇಳು ಎಂದೆ. ನೀನು ತಲೆ ಮೇಲೆ ಸೆರಗು ಸರಿ ಮಾಡಿಕೊಂಡು, "ನಾ ಯಾ ವ್ರತಾನೂ ತಗೊಂಡಿಲ್ರಿ ಮಹಾರಾಜ್. ಅತ್ತಿಯವ್ರಿಗೆ ಉಣಿಸಿ ಮುಗಸೂದ್ರಾಗ ಹೊತ್ತ ಮುಳಗತೈತ್ರಿ. ಅದಕ್ಕ ಉಣ್ಣಂಗಿಲ್ರಿ" ಎಂದೆ. ದನಿ ಎತ್ತರಿಸಲಿಲ್ಲ, ಅಳಲಿಲ್ಲ. ಹಿಂದಿನ ಸಾಲಿನವರೆಗೂ ಕೇಳಿಸಿತು. ಮಹಾರಾಜರು ನಿನಗೆ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ, "ಮನ್ಯಾಗ ಮತ್ಯಾರೂ ಇಲ್ಲೇನಪಾ?" ಎಂದರು.

ನಾನು ಎದ್ದು ಬಡಿಸುವವರಿಗೆ ಎಲೆ ಹಾಕಿರಿ ಎಂದೆ. ಊರಿನ ಊಟ ಮಾತ್ರ ಆಯಿತು. ಎಲ್ಲರೂ ತಲೆ ತಗ್ಗಿಸಿ ಉಂಡು ಎದ್ದು ಹೋದರು. ಕೊಳಗ ಬಸದಿಯವರು ತೆಗೆದುಕೊಳ್ಳಲಿಲ್ಲ, ನಾನೂ ಕೊಡುತ್ತೇನೆ ಅನ್ನಲಿಲ್ಲ, ಚಕ್ಕಡಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ಮನೆಗೆ ಬಂದು ನಿನಗೆ ಅಂದ ಮಾತುಗಳಿವೆಯಲ್ಲ, ಅವನ್ನು ಕಾಗದದ ಮೇಲೆ ಬರೆಯುವಾಗ ಕೈ ಹಿಂದೆ ಸರಿಯುತ್ತದೆ. ಮಂದ್ಯಾಗ ನನ್ನ ಮಾನ ಕಳದಿ, ಒಂದ ಸುಳ್ಳ ಹೇಳಿದ್ರ ನಿನ್ನ ಗಂಟೇನ ಹೋಗ್ತಿತ್ತು ಎಂದೆ. ಅದನ್ನಾದರೂ ಸಿಟ್ಟಿನ ಮಾತು ಎನ್ನಬಹುದು. ಆಮೇಲೆ, ಒಂದ ಮುದುಕೀನ ನೋಡಿಕೊಳ್ಳೂದು ಒಂದ ಕೆಲಸೇನ, ಯಾರ ಬೇಕಾದವ್ರು ಮಾಡ್ತಾರ ಎಂದೆ. ಅದು ಸಿಟ್ಟಿನ ಮಾತಲ್ಲ. ಅದು ನನ್ನ ಮನಸ್ಸಿನಲ್ಲಿ ಮೊದಲಿನಿಂದ ಇದ್ದದ್ದೇ. "ಆಗ್ಲಿರಿ, ಮಾಡ್ರಿ" ಎಂದು ನೀನು ಒಳಗೆ ಹೋದೆ. ಮರುದಿನ ಅವ್ವನಿಗೆ ಎರೆದು, ತಲೆ ಬಾಚಿ, ಉಣಿಸಿ, ಹೋಗಿ ಬರ್ತೀನ್ರಿ ಅತ್ತಿ ಎಂದು ಹೇಳಿ ಐನಾಪುರದ ಬಸ್ಸು ಹತ್ತಿದೆ. ಎರಡು ದಿನದಲ್ಲಿ ತಿರುಗಿ ಬರುತ್ತೀ ಎಂದು ನಾನು ಬಸ್‌ಸ್ಟ್ಯಾಂಡಿನ ಕಡೆಗೂ ಬರಲಿಲ್ಲ.

ಊರಲ್ಲಿ ನಿನ್ನ ಅತ್ತಿಗೆಗೆ ಹುಶಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ ಎಂದು ಹೇಳಿದೆ. ಎಲ್ಲರೂ ನಂಬಿದರು. ಹೆಂಗಸು ಮನೆ ಬಿಟ್ಟು ಹೋಗಿದ್ದಾಳೆ ಎಂದರೆ ಇನ್ನೊಬ್ಬರ ಸೇವೆಗೇ ಹೋಗಿರಬೇಕು, ಅದರಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಯಾರ ಬೇಕಾದವ್ರು ಮಾಡ್ತಾರ ಎಂದವನು ಯಾರನ್ನಾದರೂ ಹುಡುಕಬೇಕಲ್ಲ. ಉಗಾರದಿಂದ ಗೌರಾಬಾಯಿ ಎಂಬಾಕೆಯನ್ನು ಪಗಾರಕ್ಕೆ ಕರೆತಂದೆ. ಅವ್ವ ಆಕೆಗೆ ಬೈದ ಬೈಗುಳ ಕೇಳಿ ಎಮ್ಮೆ ಹಗ್ಗ ಹರಿದುಕೊಳ್ಳುವುದೊಂದು ಬಾಕಿ. ವಾರ ತುಂಬುವುದರೊಳಗೆ ಗೌರಾಬಾಯಿ ಗಂಟು ಕಟ್ಟಿದಳು. "ಹೇಲು ಉಚ್ಚಿ ತಗಿಯಾಕ ಪಗಾರ ಸರಿ ಐತ್ರಿ ಯಜಮಾನ್ರ. ನಿಮ್ಮ ಅವ್ವಾರ ಸಿಟ್ಟಿಗೆ ಬ್ಯಾರೆ ಪಗಾರ ಬೇಕು" ಎಂದಳು. ಅವ್ವನ ಸಿಟ್ಟು ಬೇರೆ ಒಂದು ಕೆಲಸ ಎಂದು ನನಗೆ ಅವತ್ತೇ ಗೊತ್ತಾದದ್ದು. ಆಮೇಲೆ ಅಥಣಿಯಿಂದ ನಮ್ಮ ಸುನಂದಾ ಬಂದು ಕೆಲವು ದಿನ ಇದ್ದಳು. ಆಕೆಯ ಅತ್ತೆಗೆ ಕಣ್ಣಿನ ಆಪರೇಶನ್ ಎಂದು ಕರೆ ಬಂತು, ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಅಪ್ಪಾ, ಈಗ ನೀವ ಉಳದ್ರಿ" ಎಂದಳು. ಹೆತ್ತ ಮಗಳು ಅಂಥ ಮಾತನ್ನು ಎಷ್ಟು ಮೆತ್ತಗೆ ಅಂದಳು ಎಂದು ನನಗೆ ರಾತ್ರಿಯೆಲ್ಲ ಅದೇ ಯೋಚನೆ.

ಹೀಗೆ ನಾನು ಉಳಿದೆ. ಮೊದಲ ದಿನಗಳ ಕಥೆ ಬರೆದರೆ ನೀನು ನಕ್ಕೇ ನಗುತ್ತೀ. ಅವ್ವನನ್ನು ಎತ್ತಲು ಹೋಗಿ ಇಬ್ಬರೂ ಬಿದ್ದೆವು. ಸೀರೆ ಉಡಿಸಲು ಬರಲಿಲ್ಲ, ಆಕೆಯೇ ಎಡಗೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು, ಮಗನ ಕೈಯಿಂದ ಇದೆಲ್ಲ ಮಾಡಿಸಿಕೊಳ್ಳುವಂತಾಯಿತಲ್ಲ ಎಂದು. ನಾನು ಗೋಡೆಯ ಕಡೆ ಮುಖ ಮಾಡಿ ಕೈಯಷ್ಟೇ ಮುಂದೆ ಚಾಚಿ ಎಲ್ಲ ಮಾಡಲು ಹೋದೆ. ಅದು ಆಗುವ ಕೆಲಸವಲ್ಲ. ಕಬ್ಬು ಕಡಿಯುವ ಗ್ಯಾಂಗಿನವರು ಹೊಲದಲ್ಲಿ ನಿಂತು ಹೇಳಿಕಳಿಸಿದರೂ ಹೋಗಲಿಕ್ಕಾಗಲಿಲ್ಲ. ಬಟ್ಟೆ ಒಗೆದದ್ದು ಒಣಗುವುದರೊಳಗೆ ಇನ್ನೊಂದು ರಾಶಿ ಬೀಳುತ್ತದೆ. ಹಾಗೆ ಹೇಳಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ, ಅವ್ವನ ಬಟ್ಟೆ ನೆನೆಹಾಕುವುದು ಆ ಹೆಸರು ಕೊರೆಯಿಸಿದ ಕೊಳಗದಲ್ಲಿ. ಮನೆಯಲ್ಲಿ ಅಷ್ಟು ದೊಡ್ಡದು ಬೇರೆ ಇಲ್ಲ. ದಿನಾ ಸಾಬೂನಿನ ನೀರಿನ ಮೇಲೆ ನಿನ್ನ ಹೆಸರು ಓದುತ್ತೇನೆ.

ಊರು ಏನು ಮಾಡಿತು ಗೊತ್ತೇ? ನನ್ನನ್ನು ಹೊಗಳಿತು. ಬಸದಿಯ ಕಟ್ಟೆಯ ಮೇಲೆ, ಎಂಥಾ ಮಗಾ ನೋಡ್ರಿ, ತಾಯಿ ಸೇವಾ ಮಾಡಾಕತ್ತಾನ ಎಂದರು. ಮಗ್ಗಲ ಮನೆಯ ಸಕ್ಕುಬಾಯಿ ದಿನಾ ರೊಟ್ಟಿ ಬಡಿದು ಕೊಡುತ್ತಾಳೆ, ಯಾರೋ ಪಲ್ಯ ತರುತ್ತಾರೆ, ಇನ್ಯಾರೋ ಚಟ್ನಿ. ನೀನು ಮಾಡುತ್ತಿದ್ದಾಗ ಒಬ್ಬರಾದರೂ ಒಂದು ಸೌಟು ಸಾರು ತಂದಿದ್ದರೇ? ನಾನು ಮೊದಲೆರಡು ದಿನ ಆ ಹೊಗಳಿಕೆಗೆ ಸ್ವಲ್ಪ ಉಬ್ಬಿದೆ. ಆಮೇಲೆ ಕಟ್ಟೆಯ ಕಡೆ ಹೋಗುವುದನ್ನೇ ಬಿಟ್ಟೆ.

ಫೆಬ್ರುವರಿಯಲ್ಲಿ ಜಕ್ಕಪ್ಪ ಮಾಸ್ತರರು ಜನಗಣತಿ ಬರೆದುಕೊಳ್ಳಲು ಬಂದರು. ಹಿಂದಿನ ಗಣತಿಗೂ ಅವರೇ ಬಂದಿದ್ದರು, ನಿನಗೆ ನೆನಪಿರಬೇಕು. ಅವತ್ತು ಅವರು ನಿನ್ನ ಕೆಲಸ ಏನೆಂದು ಕೇಳಿದಾಗ ನಾನು, ಏನೂ ಮಾಡಂಗಿಲ್ರಿ, ಮನ್ಯಾಗ ಇರತಾಳ ಎಂದಿದ್ದೆ. ನೀನು ಒಳಗೆ ಬೀಸುತ್ತಿದ್ದೆ. ಬೀಸುವ ಕಲ್ಲಿನ ಸದ್ದಿನಲ್ಲಿ ನನ್ನ ಮಾತು ಕೇಳಿಸದೆ ಮಾಸ್ತರರು ಎರಡೆರಡು ಸಲ ಕೇಳಬೇಕಾಯಿತು. ಈ ಸಲ ನನ್ನ ಕೆಲಸ ಕೇಳಿದರು. ನಾನು, "ಮಾಸ್ತರ, ಹೊಲಕ್ಕ ಹೋಗದ ತಿಂಗಳಾತು. ಮುಂಜಾನಿಯಿಂದ ಅವ್ವನ ಕೆಲಸನ ಮಾಡಾಕತ್ತೀನಿ. ಅದನ್ನ ಏನಂತ ಬರಕೋತೀರಿ?" ಎಂದೆ. ಅವರು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಕರು. "ಅದು ಕೆಲಸಂತ ಬರಂಗಿಲ್ಲ ತವನಪ್ಪಣ್ಣಾ. ಕಬ್ಬಿಗೆ ನೀರ ಹಾಯಿಸಿದ್ರ ಕೆಲಸ. ಅವ್ವನ ಬಾಯಿಗೆ ನೀರ ಹಾಕಿದ್ರ ಮನಿಗೆಲಸ. ಕೆಲಸದಾಕಿನ್ನ ಪಗಾರಕ್ಕ ಇಟ್ಟಿ ಅಂದ್ರ ಆಕಿದು ಕೆಲಸ ಆಗತೈತಿ, ದೇಶದ ಉತ್ಪನ್ನದಾಗ ಸೇರತೈತಿ. ಹೆಣತಿ ಮಾಡಿದ್ರ ಸೇರಂಗಿಲ್ಲ" ಎಂದರು. ಅದೇ ಅವ್ವ, ಅದೇ ಅಂಬಲಿ ಅಲ್ಲವೇ ಎಂದು ನಾನು ಕೇಳಿದೆ. "ನನ್ನ ಕೇಳಬ್ಯಾಡ, ದಿಲ್ಲಿಯವ್ರನ್ನ ಕೇಳು. ನಮ್ಮ ಮನಿಯಾಕಿ ಇದಕ್ಕ ಮುಂಜಾನೆ ನನ್ನ ಕೂಡ ಜಗಳಾ ತಗದಾಳ" ಎಂದು ನನ್ನ ಹೆಸರಿನ ಮುಂದೆ ಒಕ್ಕಲತನ ಎಂದು ಬರೆದುಕೊಂಡು ಹೋದರು. ದಿಲ್ಲಿಯವರನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಅವರಿಗಿಂತ ಮೊದಲು ಹಾಗೆ ಹೇಳಿದವನು ನಾನೇ.

ಈಗ ಸಂಜೆಯ ಮಾತಿಗೆ ಬರುತ್ತೇನೆ. ಇದನ್ನು ಬರೆಯುವುದಕ್ಕೇ ಕಾಗದ ತೆಗೆದದ್ದು. ಅವ್ವನೂ ಹೊತ್ತು ಮುಳುಗಿದ ಮೇಲೆ ನೀರು ಮುಟ್ಟುವುದಿಲ್ಲ. ಹಾಲಲ್ಲಿ ನೆನೆಸಿದ ರೊಟ್ಟಿ ಕಿವುಚಿ ಬೆರಳಷ್ಟು ಬೆರಳಷ್ಟೇ ಇಡಬೇಕು. ಅರ್ಧ ಹೊರಗೆ ಬರುತ್ತದೆ, ಒರೆಸಿ ಮತ್ತೆ ಇಡಬೇಕು. ಅವಸರ ಮಾಡಿದರೆ ಗಂಟಲಿಗೆ ಸಿಕ್ಕಿ ಕಣ್ಣು ಮೇಲೆ ಮಾಡುತ್ತಾಳೆ. ನಾಲ್ಕು ಗಂಟೆಗೇ ಶುರು ಮಾಡಿ ನೋಡಿದೆ, ಬಾಯಿಯೇ ತೆರೆಯಲಿಲ್ಲ. ಮೊದಲು ನಾನು ಉಂಡುಬಿಡೋಣ ಎಂದು ತಾಟಿನ ಮುಂದೆ ಕುಳಿತರೆ, ಬಿಸಿಲು ಇಳಿದಂತೆ ಆಕೆಗೆ ಅಂಜಿಕೆ ಶುರುವಾಗುತ್ತದೆ, ಕರೆಯತೊಡಗುತ್ತಾಳೆ. ಕರೆದಾಗ ತುತ್ತು ಇಳಿಯುವುದಿಲ್ಲ, ಏಳಲೇಬೇಕು. ಆಕೆಯ ಊಟ ಮುಗಿದು ಬಾಯಿ ಒರೆಸಿ ಹೊರಗೆ ನೋಡಿದರೆ ಕಬ್ಬಿನ ಹೊಲದ ಆಚೆ ಹೊತ್ತು ಮುಳುಗಿರುತ್ತದೆ. ಒಂದು ದಿನವಲ್ಲ, ದಿನಾ. ಇದು ಇಬ್ಬರಿದ್ದರೆ ಸಹಜವಾಗಿ ಆಗುವ ಕೆಲಸ. ಒಬ್ಬರು ಉಣಿಸಿದರೆ ಇನ್ನೊಬ್ಬರು ಉಣ್ಣಬಹುದು. ಆರು ವರ್ಷ ಈ ಮನೆಯಲ್ಲಿ ಇಬ್ಬರಿದ್ದೆವು, ಸುಗಂಧಾ. ನೀನು ಮೊದಲು ನನಗೆ ಬಡಿಸುತ್ತಿದ್ದೆ, ಆಮೇಲೆ ಅವ್ವನ ಕಡೆ ಹೋಗುತ್ತಿದ್ದೆ. ನಾನು ಉಂಡು, ಕೈ ತೊಳೆದು, ಕಟ್ಟೆಯ ಮೇಲೆ ಹೋಗಿ ರೇಡಿಯೋ ಕೇಳುತ್ತಿದ್ದೆ.

ಈಗ ನಾನೂ ಸಂಜೆ ಉಣ್ಣದೆಯೇ ಮಲಗುತ್ತೇನೆ. ನೀನು ತಡೆದದ್ದನ್ನು ನಾನೂ ತಡೆಯಬೇಕು, ಅಷ್ಟಾದರೂ ಮಾಡಬೇಕು ಎಂದು ನಿಶ್ಚಯ ಮಾಡಿದ್ದೇನೆ. ಹಸಿವೆ ಏನು ಎಂಬುದು ತಿಳಿದಿದೆ. ಕಷ್ಟವಿದೆ, ಆದರೆ ನಡೆದಿದೆ.

ಒಂದು ದಿನ ಅವ್ವನಿಗೆ ಇದನ್ನೇ ಹೇಳಿದೆ, ನಿನಗ ಉಣಿಸೂದ್ರಾಗ ಸುಗಂಧಾ ಉಪಾಸ ಮಲಗತಿದ್ಲಂತ ಎಂದು. ಅವ್ವನ ಬಾಯಿ ಸೊಟ್ಟಗಿದೆ, ಆದರೆ ಮಾತು ತಿಳಿಯುತ್ತದೆ. "ನನಗ ಗೊತ್ತಿತ್ತು" ಎಂದಳು. "ತಾಟಿಗೆ ಕೈ ಹಚ್ಚೂದಕ್ಕೂ ನಾ ಕರಿಯೂದಕ್ಕೂ ಸರಿ ಆಗತಿತ್ತು. ಆಕಿ ಎದ್ದ ಬರತಿದ್ಲು. ಅಂಜಿಕಿ ಬರತಿತ್ತೋ ಯಪ್ಪಾ, ಕರೀದ ಇರಾಕ ಆಗತಿದ್ದಿಲ್ಲ" ಎಂದು ಗೋಡೆಯ ಕಡೆ ಮುಖ ಹೊರಳಿಸಿದಳು. ಆ ದಿನದಿಂದ ಹೊತ್ತು ಮುಳುಗುವಾಗ ತುಟಿ ಕಚ್ಚಿ ಹಿಡಿದುಕೊಳ್ಳುತ್ತಾಳೆ. ಎಷ್ಟೊತ್ತು ಹಿಡಿದಾಳು, ಕೊನೆಗೆ ಕರೆಯುತ್ತಾಳೆ. ಹಾಸಿಗೆ ಹಿಡಿದ ಮುದುಕಿಗೂ ನಾಚಿಕೆ ಬಂದಿದೆ, ನನಗೆ ಬರಲು ಇಷ್ಟು ದಿನ ಬೇಕಾಯಿತು.

ಇನ್ನು ಒಬ್ಬನಿಂದ ಆಗುವುದಿಲ್ಲ ಎನ್ನಿಸಿ ಹೋದ ಗುರುವಾರ ಅವ್ವನ ಹತ್ತಿರ ಸಕ್ಕುಬಾಯಿಯನ್ನು ಕೂಡಿಸಿ, ಕಾಗವಾಡದ ಮೇಲಿಂದ ಗಡಿ ದಾಟಿ ಮಿರಜಕ್ಕೆ ಹೋದೆ. ಅಷ್ಟು ದವಾಖಾನೆಗಳಿರುವ ಊರು, ಅಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರು ಸಿಗುತ್ತಾರೆ ಎಂದು ಕೇಳಿದ್ದೆ. ಒಂದು ದವಾಖಾನೆಯ ಬಾಗಿಲಲ್ಲಿ ವಾರ್ಡ್‌ಬಾಯ್ ಒಬ್ಬ ಸಿಕ್ಕ. ಲಕ್ವಾದವರನ್ನು ನೋಡುವುದರಲ್ಲಿ ಕನ್ನಡದ ಬಾಯಿ ಒಬ್ಬಳು ಭಾಳ ಹುಶಾರಿ, ಆಕೆ ಒಂದು ಮನೆಯಲ್ಲಿ ಇದ್ದಾಳೆ, ಆಕೆಗೆ ತಿಳಿದವರು ಬೇರೆ ಯಾರಾದರೂ ಇದ್ದಾರು, ಕೇಳಿ ನೋಡಿರಿ ಎಂದು ರೇಲ್ವೆ ಸ್ಟೇಶನ್ ಹತ್ತಿರದ ಮನೆಯ ಗುರುತು ಹೇಳಿದ. ಸತ್ತುಹೋದ ರೇಲ್ವೆ ಗಾರ್ಡ್ ಒಬ್ಬರ ಮನೆ, ಹಾಸಿಗೆ ಹಿಡಿದದ್ದು ಆ ಮನೆಯ ಅಜ್ಜಿ. ಹೋದಾಗ ಬಿಸಿಲು ಇಳಿದಿತ್ತು. ಬಾಗಿಲು ತೆರೆದಿತ್ತು.

ನೀನು ಒಳಗೆ ಮಣೆಯ ಮೇಲೆ ಕುಳಿತು ಉಣ್ಣುತ್ತಿದ್ದೆ. ಬೆನ್ನು ನನ್ನ ಕಡೆಗಿತ್ತು. ಸೆರಗಿನಿಂದ ಗುರುತು ಹಿಡಿದೆನೋ, ಕುತ್ತಿಗೆಯಿಂದಲೋ, ಗೊತ್ತಿಲ್ಲ. ಆ ಮನೆಯ ಮಗಳು, ಸಾಲಿ ಕಲಿಸುವಾಕೆಯಂತೆ, ಬಗ್ಗಿ ನಿನ್ನ ತಾಟಿಗೆ ಬಿಸಿ ಭಾಕ್ರಿ ಹಾಕುತ್ತಿದ್ದಳು. ನೀನು ಸಾಕು ಎಂದು ಕೈ ಅಡ್ಡ ಹಿಡಿದೆ, ಆಕೆ ಹಾಕಿಯೇ ಹಾಕಿದಳು, ನೀನು ನಕ್ಕೆ. ನೀನು ಉಣ್ಣುವುದನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ನಮ್ಮ ಮನೆಯಲ್ಲಿ ಯಾವಾಗ ಉಣ್ಣುತ್ತಿದ್ದೆ, ಎಲ್ಲಿ ಕುಳಿತು ಉಣ್ಣುತ್ತಿದ್ದೆ, ಬಲಗೈಯಲ್ಲಿ ತುತ್ತು ಮಾಡಿ ಸ್ವಲ್ಪ ಹೊತ್ತು ಹಿಡಿದು ಆಮೇಲೆ ಬಾಯಿಗಿಡುತ್ತೀ ಎಂಬುದು, ಒಂದೂ ಗೊತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ಕಳ್ಳನಂತೆ ನಿಂತು ಹೆಂಡತಿ ಉಣ್ಣುವುದನ್ನು ನೋಡಿದೆ.

ಆ ಮಗಳು ನನ್ನನ್ನು ನೋಡಿ ಹೊರಗೆ ಬಂದಳು. ಯಾರು ಎಂದು ಮರಾಠಿಯಲ್ಲಿ ಕೇಳಿದಳು. ಗಂಡ ಎಂದು ಹೇಳಲು ನಾಲಿಗೆ ಏಳಲಿಲ್ಲ. ನಮ್ಮ ತಾಯಿಗೆ ಲಕ್ವಾ ಆಗಿದೆ, ಕೆಲಸಕ್ಕೆ ಯಾರಾದರೂ ಬೇಕಾಗಿತ್ತು ಎಂದೆ. ಒಳಗೆ ನಿನ್ನ ಕಡೆ ಕೈ ತೋರಿಸಿ, ನಮ್ಮ ಮಾವಶಿಯನ್ನು ಮಾತ್ರ ಕೇಳಬೇಡಿ, ನಾವು ಬಿಡುವುದಿಲ್ಲ ಎಂದಳು. ನಾನು ಕೇಳದಿದ್ದರೂ ತಾನೇ ಹೇಳಿದಳು. ಬಂದಾಗ ಪಗಾರದ ಮಾತಿಗೆ ನೀವು ತಿಳಿದಷ್ಟು ಕೊಡಿರಿ ಎಂದಿದ್ದಿಯಂತೆ. ಷರತ್ತು ಒಂದೇ ಹಾಕಿದಿಯಂತೆ, ಹೊತ್ತು ಮುಳುಗುವ ಮುಂಚೆ ಅರ್ಧ ತಾಸು ನನಗೆ ಉಣ್ಣಲು ಬಿಡಬೇಕು, ಆ ಅರ್ಧ ತಾಸು ಅಜ್ಜಿಯ ಹತ್ತಿರ ಬೇರೆ ಯಾರಾದರೂ ಕೂಡಬೇಕು ಎಂದು. ಅವರ ಮನೆಯಲ್ಲಿ ಎಲ್ಲರೂ ರಾತ್ರಿ ಒಂಬತ್ತಕ್ಕೆ ಉಣ್ಣುವವರು. ಆದರೂ ಸಾಲಿಯಿಂದ ಆಕೆ ಓಡಿ ಬರುತ್ತಾಳಂತೆ, ನಿನ್ನ ಊಟ ತಪ್ಪಬಾರದೆಂದು. ಮಾವಶಿಗೆ ಹೊಲ ಮನೆ ಎಲ್ಲ ಇದೆಯಂತೆ, ಯಾಕೆ ಬಂದರೋ ನಾವು ಕೇಳಿಲ್ಲ, ಅವರೂ ಯಾರ ಬಗ್ಗೆಯೂ ಒಂದು ಕೆಟ್ಟ ಮಾತು ಆಡಿಲ್ಲ ಎಂದಳು. ಕರೆಯಲೇ ಎಂದು ಒಳಗೆ ತಿರುಗಿದಳು. "ಬ್ಯಾಡ್ರಿ. ಉಣ್ಣಾಕತ್ತಾರ, ಉಣ್ಣಲಿ" ಎಂದು ಬಾಯಿಗೆ ಕನ್ನಡವೇ ಬಂತು. ಆಕೆಗೆ ತಿಳಿಯಿತೋ ಇಲ್ಲವೋ. ನಿನಗೆ ಬಹುವಚನ ಹಚ್ಚಿ ಮಾತಾಡಿದ್ದು ಅದೇ ಮೊದಲು. ಅಲ್ಲಿಂದ ಸ್ಟ್ಯಾಂಡಿಗೆ ನಡೆದು ಬಸ್ಸು ಹಿಡಿದೆ.

ಬಸ್ಸಿನಲ್ಲಿ ಜಕ್ಕಪ್ಪ ಮಾಸ್ತರರ ಮಾತು ನೆನಪಾಯಿತು. ಗಡಿಯ ಸಲುವಾಗಿ ಎರಡೂ ಕಡೆಯವರು ಎಷ್ಟು ಜಗಳ ಮಾಡಿದರೂ ಒಂದು ಹೊಲ ಆಚೆ ಈಚೆ ಆಗಲಿಲ್ಲ, ನೀನು ಮಾತ್ರ ಸದ್ದಿಲ್ಲದೆ ಮಹಾರಾಷ್ಟ್ರದ ದುಡಿಮೆಗೆ ಸೇರಿಕೊಂಡೆ. ಅಲ್ಲಿಯ ಗಣತಿಯವನು ನಿನ್ನ ಮುಂದೆ ಕುಳಿತು ಕೆಲಸ ಏನೆಂದು ಕೇಳಿರಬೇಕು, ನೀನೇ ಬಾಯಿಬಿಟ್ಟು ಹೇಳಿರಬೇಕು. ನಗಬೇಕೆಂದುಕೊಂಡೆ, ಆಗಲಿಲ್ಲ. ದೇಶದ ಲೆಕ್ಕ ಹಾಗಿರಲಿ. ನೀನು ಪರರ ಮನೆಯಲ್ಲಿ ಕೇಳಿ ಪಡೆದದ್ದು ಅರ್ಧ ತಾಸಿನ ಊಟ. ಅದು ನನ್ನ ಮನೆಯಲ್ಲಿ ಪುಕ್ಕಟೆ ಇತ್ತು, ನಾನು ಕಟ್ಟೆಯಿಂದ ಎದ್ದು ಬಂದಿದ್ದರೆ ಸಾಕಿತ್ತು.

ಈಗ ಖರೆ ಸಂಗತಿ ಊರಿಗೆ ತಿಳಿದಿದೆ, ಇಬ್ಬರು ಪಂಚರನ್ನು ಕರೆದುಕೊಂಡು ಹೋಗಿ ಕರೆತಾ ಎಂದು ಇಲ್ಲಿ ಹೇಳುವವರಿದ್ದಾರೆ. ನಾನು ಒಪ್ಪಲಿಲ್ಲ. ಬಾ ಎಂದು ಈ ಕಾಗದದಲ್ಲಿ ಬರೆಯಲು ಮೂರು ಸಲ ಕೈ ಹೋಯಿತು. ಬರೆದರೆ ಅವ್ವನ ಸಲುವಾಗಿ ಕರೆಯುತ್ತಿದ್ದೇನೋ, ನನ್ನ ಸಲುವಾಗಿಯೋ, ನನಗೇ ಖಾತ್ರಿ ಇಲ್ಲ. ಅವ್ವನ ಸಲುವಾಗಿ ಎಂದರೆ ಪಗಾರವಿಲ್ಲದ ಆಳನ್ನು ಕರೆದಂತೆ. ನನ್ನ ಸಲುವಾಗಿ ಎನ್ನಲು ಮುಖವಿಲ್ಲ, ಆದರೂ ಮನಸ್ಸು ಅದೇ. ನೀನಿಲ್ಲದ ಮನೆ ನನಗೆ ಬೇಡವಾಗಿದೆ. ಇಷ್ಟು ಮಾತ್ರ ಬರೆದು ಸಹಿ ಮಾಡುತ್ತೇನೆ, ಮಿರಜದವರಿಗೆ ಹಾಕಿದ ಷರತ್ತನ್ನು ನನಗೂ ಹಾಕು. ನೀನು ಬಂದರೂ ಬಾರದಿದ್ದರೂ ಸಂಜೆ ಅವ್ವನ ಬಾಯಿಗೆ ತುತ್ತಿಡುವುದು ನನ್ನ ಕೆಲಸ. ಬಂದರೆ ಆ ಅರ್ಧ ತಾಸು ನಿನ್ನದು. ಅದರೊಳಗೆ ಅವ್ವ ಕರೆದರೆ ನಾನು ಓ ಅನ್ನುತ್ತೇನೆ, ನೀನು ಏಳಬೇಡ. ಬಾರದಿದ್ದರೆ, ಅಲ್ಲಿ ಬಿಸಿ ಭಾಕ್ರಿ ಹಾಕುವ ಆ ಮಗಳಿಗೆ ದೇವರು ಒಳ್ಳೆಯದು ಮಾಡಲಿ.

ಇಂತಿ ನಿನ್ನ ಎಂದು ಬರೆಯುವುದು ಪದ್ಧತಿ. ಆ ಮಾತನ್ನು ನೀನು ಒಪ್ಪಿದ ಮೇಲೆ ಬರೆಯುತ್ತೇನೆ. ಈಗ ಬರೀ,

ತವನಪ್ಪ

ತಾ. ಕ. ಕಾಗದ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಾನೂ ಸಂಜೆ ಉಣ್ಣದೆ ಮಲಗುತ್ತೇನೆ ಎಂದದ್ದು ಖರೆ ಅಲ್ಲ. ಮೂರು ದಿನ ಮಲಗಿದೆ, ನಾಲ್ಕನೆಯ ದಿನ ಆಗಲಿಲ್ಲ. ಅವತ್ತಿನಿಂದ ಅವ್ವನಿಗೆ ನಿದ್ದೆ ಹತ್ತಿದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ದೀಪ ಹಚ್ಚದೆ, ಸಕ್ಕುಬಾಯಿ ಕೊಟ್ಟ ರೊಟ್ಟಿ ತಿನ್ನುತ್ತೇನೆ. ಮುಂಜಾನೆ ಎದ್ದು ಬಸದಿಗೆ ಹೋಗಿ ಕೈ ಮುಗಿಯುತ್ತೇನೆ. ನಿನ್ನೆ ಕಟಿ ರೊಟ್ಟಿ ಮುರಿದ ಸದ್ದಿಗೆ ಅವ್ವನಿಗೆ ಎಚ್ಚರವಾಯಿತು. ಹಾಸಿಗೆಯಿಂದಲೇ ಕೇಳಿದಳು, "ಸುಗಂಧಾ, ಬಂದೇನ ನನ ಮಗಳ? ಉಣ್ಣಾಕತ್ತೀಯೇನ? ಉಣ್ಣ, ಸಾವಕಾಶ ಉಣ್ಣ. ಇವತ್ತ ನಾ ಕರಿಯಂಗಿಲ್ಲ" ಎಂದು. ನನ್ನ ಬಾಯಲ್ಲಿ ತುತ್ತಿತ್ತು. ಸುಗಂಧಾ ಅಲ್ಲ, ನಾನು ಅವ್ವಾ, ಎನ್ನಲಿಲ್ಲ. ಆಕೆ ರಾತ್ರಿಯೆಲ್ಲ ಒಮ್ಮೆಯೂ ಕರೆಯಲಿಲ್ಲ. ಮುಂಜಾನೆ ನೋಡಿದರೆ ಹಾಸಿಗೆ ಪೂರ್ತಿ ತೊಯ್ದಿತ್ತು. ನಿನ್ನ ಊಟ ಕೆಡಬಾರದೆಂದು ಆಕೆ ಅದರಲ್ಲೇ ಮಲಗಿದ್ದಳು. ಉಂಡವನು ನಾನು.